ಜಗಲಿಯ ನಾಲ್ಕು ಅಂಕಣ, ನಾಲ್ಕು ತೋರಣ

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಕೆ ತೋಟದ ಬದಿಯಲ್ಲಿ. ಜಗಲಿಗೆ ಐದು ಕಂಬ, ನಡುವೆ ನಾಲ್ಕು ಅಂಕಣ. ಕಳೆದ ದೀಪಾವಳಿಗೆ ಒಂದೊಂದು ಅಂಕಣಕ್ಕೆ ಒಂದೊಂದು ಬಗೆಯ ತೋರಣ ಕಟ್ಟಿದೆ. ಮಾವಿನೆಲೆ, ತೆಂಗಿನ ತಿರಿ, ಹಿಂಗಾರ (ಅಡಕೆಯ ಹೂಗೊಂಚಲು), ಅಡಕೆ ಹಾಳೆ (ಸೋಗೆಯ ಬುಡದ ಅಗಲ ಭಾಗ). ಎಲ್ಲವೂ ತೋಟದ್ದೇ. ಕಟ್ಟಲು ಬಾಳೆಬಳ್ಳಿ, ಚುಚ್ಚಲು ಹಿಡಿಸೂಡಿ (ಪೊರಕೆ) ಕಡ್ಡಿ. ನೀರು ತುಂಬುವ ಹಬ್ಬದ ಸಂಜೆ ಕಟ್ಟಿದ್ದನ್ನು ತುಳಸಿ ಪೂಜೆಯ ತನಕ ಬಿಚ್ಚಲಿಲ್ಲ.

"ಇದೆಂಥ ಪರೀಕ್ಷೆ ಮಾರಾಯ್ತಿ ನಿನ್ನದು" ಅಂತ ಅತ್ತೆ ನಕ್ಕರು. ಆದರೆ ಇದಕ್ಕೆ ಕಾರಣ ಅವರೇ. ದಾರಂದಕ್ಕೆ, ಅಂದರೆ ಬಾಗಿಲ ಚೌಕಟ್ಟಿಗೆ, ಅವರು ಹಾಕಿದ ಪ್ಲಾಸ್ಟಿಕ್ ಮಾವಿನೆಲೆ ಮೂರು ವರ್ಷದಿಂದ ಅಲ್ಲೇ ಇತ್ತು. ಹಸಿರು ಬಣ್ಣ ಹೋಗಿ ನೀಲಿಯಾಗಿತ್ತು, ಹಿಂದೆ ಜೇಡ ಸಂಸಾರ ಹೂಡಿತ್ತು. ಅದನ್ನು ತೆಗೆಯಬೇಕಾದರೆ "ಇದಕ್ಕಿಂತ ಬಾಳಿಕೆ ಬರುವುದು ಯಾವುದುಂಟು, ತೋರಿಸು" ಅಂದರು.

ಬಾಳಿಕೆ ಅಂದರೆ ನಮ್ಮಲ್ಲಿ ಸುಲಭದ ಮಾತಲ್ಲ. ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್) ಬೆಳಗ್ಗೆ ಸುಡುವ ಬಿಸಿಲು, ಮೂರು ಗಂಟೆ ದಾಟಿದರೆ ಗುಡುಗು ಮಳೆ. ಬಾಡುವುದೂ ಕೊಳೆಯುವುದೂ ಒಂದೇ ದಿನದಲ್ಲಿ ನಡೆಯುತ್ತದೆ.

ಮಾವಿನೆಲೆಯ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ತಾಮ್ರದ ಬಣ್ಣದ ಎಳೆ ಎಲೆ ಚಂದ ಅಂತ ಮೊದಲು ಅದನ್ನೇ ಕೊಯ್ದೆ, ರಾತ್ರಿಯೊಳಗೆ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಬಲಿತ ಕಡು ಹಸಿರಿನದ್ದೇ ಆಗಬೇಕು. ಅದು ಎರಡು ದಿನ ನೆಟ್ಟಗಿತ್ತು, ಮೂರನೇ ದಿನ ಅಂಚು ಮುರುಟಿತು, ಆದರೆ ಕೊನೆಯ ತನಕ ಒಂದೆಲೆಯೂ ಉದುರಲಿಲ್ಲ, ಕೊಳೆಯಲೂ ಇಲ್ಲ. ತೊಂದರೆ ಇರುವುದು ಎಲೆಯದ್ದಲ್ಲ, ಮರದ್ದು. ಎಲೆ ಹೊಲಿದು ಗೂಡು ಕಟ್ಟುವ ಆ ಕೆಂಪಿರುವೆ ಗೊತ್ತಲ್ವಾ? ಗೊಂಚಲಿನ ಜೊತೆ ಅರ್ಧ ಗೂಡೂ ನನ್ನ ತೋಳಿಗೆ ಬಂತು. ಹಬ್ಬದ ಎಣ್ಣೆ ಸ್ನಾನದಲ್ಲಿ ಉರಿದದ್ದು ಇನ್ನೂ ನೆನಪಿದೆ.

ತಿರಿಯ ಕಥೆ ಬೇರೆ. ತಿರಿ ಅಂದರೆ ತೆಂಗಿನ ಸುಳಿಯಲ್ಲಿ ಇನ್ನೂ ಬಿಚ್ಚದ ಎಳೆಯ ಮಡಲು. ಬೆಣ್ಣೆಯ ಬಣ್ಣ. ಹಗಲಿಗೆ ಅದು ಸಾಧಾರಣ, ನಿಜ ಹೇಳಬೇಕೆಂದರೆ ಸ್ವಲ್ಪ ಪೇಲವ. ಹಣತೆ ಹಚ್ಚಿದ ಮೇಲೆ ನೋಡಬೇಕು. ಬೆಳಕನ್ನು ಕುಡಿದ ಹಾಗೆ ಹೊಳೆಯುತ್ತದೆ. ಚಂದ್ರಗಿರಿ ಹೊಳೆಯ ಆಚೆಯ ತೆಯ್ಯಂ ಆಗಲಿ, ಈಚೆಯ ಭೂತಕೋಲ ಆಗಲಿ, ಸೊಂಟಕ್ಕೆ ತಿರಿಯನ್ನೇ ಯಾಕೆ ಕಟ್ಟುತ್ತಾರೆ ಅಂತ ಆ ರಾತ್ರಿ ನನಗೆ ಸರಿಯಾಗಿ ಗೊತ್ತಾಯಿತು. ದೊಂದಿಯ ಬೆಳಕಿಗೆ ಅದಕ್ಕಿಂತ ಒಳ್ಳೆಯ ಬಟ್ಟೆ ಯಾವುದುಂಟು? ಮಡಚುವುದಕ್ಕೂ ಅಷ್ಟೇ ಸಲೀಸು. ಮಗಳು ಗಿಳಿ ಮಾಡಿದಳು, ನಾನು ಸರಪಳಿ ಹೆಣೆದೆ.

ಆದರೆ ತಿರಿ ಕಡಿಯುವುದು ಸುಮ್ನೆ ಅಲ್ಲ. ತೆಂಗು ತಿಂಗಳಿಗೆ ಹೆಚ್ಚುಕಡಿಮೆ ಒಂದೇ ಎಲೆ ಬಿಡುವುದು. ಒಂದು ತಿರಿ ಅಂದರೆ ಮರದ ಒಂದು ತಿಂಗಳ ದುಡಿಮೆ. ಕತ್ತಿ ಸ್ವಲ್ಪ ಆಳಕ್ಕೆ ಹೋಗಿ ಸುಳಿಗೇ ತಾಗಿದರೆ ಮರವೇ ಹೋಯಿತು, ಅದಕ್ಕೆ ಇರುವುದು ಒಂದೇ ಸುಳಿ. ಗಾಯದ ವಾಸನೆಗೆ ಕೆಂಪು ಮೂತಿ ಹುಳ ಬರುವ ಭಯ ಬೇರೆ. ತೆಂಗಿನ ಸಂಶೋಧನೆಗೆಂದು 1916ರಲ್ಲೇ ಕೇಂದ್ರ ಶುರುವಾದ ಊರು ಕಾಸರಗೋಡು. ಇಲ್ಲಿ ತಿರಿ ಕಡಿದರೆ ಬೈಯುವವರಿಗೆ ಬರಗಾಲವಿಲ್ಲ. ಕಾಯಿ ಕೊಯ್ಯಲು ಬರುವ ಅಣ್ಣ "ಬೇಡ ಅಕ್ಕ, ಗಾಳಿಗೆ ಬಿದ್ದ ಮರ ಉಂಟಲ್ಲ, ಅದರದ್ದು ತೆಗೆದುಕೊಡ್ತೇನೆ" ಅಂದರು. ಆ ಮರಕ್ಕೆ ಮೊದಲೇ ಕುರುವಾಯಿ ಹುಳ ಹತ್ತಿತ್ತು. ಮುಚ್ಚಿದ ತಿರಿಯನ್ನು ಅದು ಕೊರೆದದ್ದರಿಂದ, ಬಿಚ್ಚಿದಾಗ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಎರಡೂ ಬದಿಗೆ ಒಂದೇ ವಿನ್ಯಾಸ! ನೋಡಿದವರೆಲ್ಲ ನನ್ನ ಕೈಕೆಲಸ ಅಂದುಕೊಂಡರು. ನಾನೂ ಬಾಯಿ ಬಿಡಲಿಲ್ಲ.

ಬಾಳಿಕೆ ಮಾತ್ರ ಒಂದೂವರೆ ದಿನ. ಎರಡನೇ ದಿನ ಮಧ್ಯಾಹ್ನಕ್ಕೆ ಅಂಚು ಕಂದು, ಗಿಳಿಯ ಕೊಕ್ಕು ಸುರುಟಿ ಕಾಗೆಯಾಯಿತು. ಕಟ್ಟುವ ತನಕ ಒದ್ದೆ ಗೋಣಿಯಲ್ಲಿ ಸುತ್ತಿಡದಿದ್ದರೆ ಅಷ್ಟೂ ಬರುತ್ತಿರಲಿಲ್ಲ.

ಹಿಂಗಾರಕ್ಕೆ ಮಾವನ ಒಪ್ಪಿಗೆ ಬೇಕಿತ್ತು. ಒಂದು ಹಿಂಗಾರ ಅಂದರೆ ಒಂದು ಅಡಕೆ ಗೊನೆ ಅಲ್ವಾ? ಹತ್ತು ಕೇಳಿದೆ, ದೋಟಿ (ಕೊಯ್ಯುವ ಉದ್ದ ಕೋಲು) ಹಿಡಿದು ಹೋದವರು ಮೂರು ತಂದರು. ಕೊಂಬಿನ ಹಾಗಿನ ಹೊದಿಕೆ ಸೀಳಿ ಒಳಗಿನ ಹೂ ಬಿಡಿಸುವಾಗ ಬರುವ ಪರಿಮಳಕ್ಕೆ ಉಳಿದ ಮೂರು ಅಂಕಣಗಳೂ ಸಾಟಿಯಲ್ಲ. ಆದರೆ ರಾತ್ರಿಯಿಂದಲೇ ಗಂಡು ಹೂಗಳು ಅಕ್ಕಿ ಕಾಳಿನ ಹಾಗೆ ಉದುರಲು ಶುರು. ರಂಗೋಲಿ ಯಾವುದು, ಹಿಂಗಾರ ಯಾವುದು ಗೊತ್ತಾಗದ ಹಾಗಾಯಿತು. ದಿನಕ್ಕೆ ಮೂರು ಸಲ ಗುಡಿಸಿದೆ. ಇನ್ನು ಜಗಲಿಗೆ ಅದು ಬೇಡ. ದೇವರ ಕೋಣೆಗೆ ಒಂದೇ ಒಂದು ಸಾಕು.

ಹಾಳೆಯ ಮೇಲೆ ನನಗೆ ನಂಬಿಕೆ ಇರಲಿಲ್ಲ. ಅದು ಊಟದ ತಟ್ಟೆಗೆ, ಟೊಪ್ಪಿಗೆ, ಹೆಚ್ಚೆಂದರೆ ಮಕ್ಕಳನ್ನು ಕೂರಿಸಿ ಎಳೆಯುವುದಕ್ಕೆ ಅಂದುಕೊಂಡಿದ್ದೆ. ತಾನಾಗಿ ಬಿದ್ದದ್ದನ್ನು ಹೆಕ್ಕುವುದು, ಮರಕ್ಕೆ ನಷ್ಟವೇ ಇಲ್ಲ. ಒಂದು ಗಂಟೆ ನೀರಲ್ಲಿ ನೆನೆಸಿದರೆ ಚರ್ಮದ ಹಾಗೆ ಮೆತ್ತಗಾಗುತ್ತದೆ, ಸಾದಾ ಕತ್ತರಿಯಲ್ಲೇ ಎಲೆ, ನಕ್ಷತ್ರ ಕತ್ತರಿಸಬಹುದು. ಮೇಲೆ ಭಾರ ಇಟ್ಟು ಒಣಗಿಸಬೇಕು. ನಾನು ಮೊದಲ ಸಲ ಇಡದೆ, ನಕ್ಷತ್ರಗಳೆಲ್ಲ ಹಪ್ಪಳದ ಹಾಗೆ ಎದ್ದು ನಿಂತವು. ಇನ್ನೊಂದು ತಪ್ಪು, ಮಳೆಗಾಲದಲ್ಲಿ ಬಿದ್ದ ಹಾಳೆ ತೆಗೆದುಕೊಂಡದ್ದು. ಅದರಲ್ಲಿ ಕಪ್ಪು ಬೂಷ್ಟಿನ ಚುಕ್ಕೆ ಇದ್ದೇ ಇರುತ್ತದೆ. ತಟ್ಟೆ ಮಾಡುವವರು ಬೇಸಗೆಯಲ್ಲೇ ಹಾಳೆ ಕೂಡಿಡುವುದು ಇದಕ್ಕೇ.

ಇಷ್ಟೆಲ್ಲ ಆದರೂ ತುಳಸಿ ಪೂಜೆಯ ದಿನ ಜಗಲಿಯಲ್ಲಿ ನೋಡುವ ಹಾಗೆ ಉಳಿದದ್ದು ಹಾಳೆ ಮಾತ್ರ. ಗಾಳಿಗೆ ಒಂದಕ್ಕೊಂದು ತಾಗಿ ಟಕ್ ಟಕ್ ಅನ್ನುವ ಸದ್ದೂ ನನಗೆ ಇಷ್ಟವಾಯಿತು. (ಅತ್ತೆಗೆ ನಿದ್ದೆ ಬರಲಿಲ್ಲವಂತೆ.) ಬಿಚ್ಚಿದ ನಕ್ಷತ್ರಗಳನ್ನು ಬೇಳ ಊರಿನ ಗೆಳತಿ ಕ್ರಿಸ್‌ಮಸ್ ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ) ಅಂತ ತೆಗೆದುಕೊಂಡು ಹೋದಳು. ಬೈಹುಲ್ಲಿನ ಮಾಡಿಗೆ ಅವು ಹೊಂದಿದಷ್ಟು ಝಗಮಗ ಕಾಗದದ ನಕ್ಷತ್ರ ಹೊಂದುವುದಿಲ್ಲ.

ಒಂದೇ ರಾತ್ರಿಯ ಹಬ್ಬಕ್ಕೆ, ಬಿದ್ದ ತೆಂಗು ಸಿಕ್ಕಿದರೆ, ನಾನು ಈಗಲೂ ತಿರಿಯನ್ನೇ ಕಟ್ಟುತ್ತೇನೆ. ಮರ ಬೀಳಲಿ ಅಂತ ಕಾಯಲಿಕ್ಕಾಗುವುದಿಲ್ಲವಲ್ಲ, ಹಾಗಾಗಿ ಈ ವರ್ಷ ಮಾರ್ಚಿನಲ್ಲೇ ಮೂವತ್ತು ಒಳ್ಳೆ ಹಾಳೆ ಆಯ್ದು, ಒರೆಸಿ, ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟಿದ್ದೆ. ಮೊನ್ನೆ ಎಣಿಸಿದರೆ ಇಪ್ಪತ್ತಾರು. ದನಕ್ಕೆಂದು ಇಟ್ಟದ್ದು ಅಂದುಕೊಂಡು ಮಾವ ನಾಲ್ಕನ್ನು ಕೊಚ್ಚಿ ಹಾಕಿದ್ದಾರೆ.