ನಲ್ಲಿಗೆ 3 ಲೀಟರ್ ಏರೇಟರ್: ಪುಣೆಯ ಫ್ಲ್ಯಾಟಿಗೆ ಆದೀತೇ?

ವಾಘೋಲಿ, ಉಂಡ್ರಿ ಕಡೆ ಬೇಸಿಗೆಯಲ್ಲಿ ಟ್ಯಾಂಕರ್ ಲೆಕ್ಕ ಹಾಕುವ ನಮ್ಮವರಿಗೆ ಏರೇಟರ್, ಅಂದರೆ ನಲ್ಲಿಯ ಬಾಯಿಗೆ ತಿರುಗಿಸಿ ಕೂರಿಸುವ ಪುಟ್ಟ ಜಾಲರಿ, ಅಗ್ಗದ ಉಪಾಯ. ಮಾಮೂಲಿ ನಲ್ಲಿ ಪೂರ್ತಿ ತಿರುಗಿಸಿದರೆ ನಿಮಿಷಕ್ಕೆ 10-12 ಲೀಟರ್ ಸುರಿಯುತ್ತದೆ. ಏರೇಟರ್ ಧಾರೆಗೆ ಗಾಳಿ ಬೆರೆಸಿ ಅದನ್ನು 3ಕ್ಕೆ ಇಳಿಸುತ್ತದೆ. ಡಬ್ಬಿಯ ಮೇಲಿನ ಮಾತು ನಂಬಬೇಡಿ, ಅಳೆಯಿರಿ: ಒಂದು ಲೀಟರ್ ಜಗ್ ತುಂಬಲು 20 ಸೆಕೆಂಡು ಹಿಡಿಯಬೇಕು.

ಕೊಳ್ಳುವ ಮುನ್ನ ನಲ್ಲಿಯ ಬಾಯಿ ನೋಡಿ. ಥ್ರೆಡ್ (ತಿರುಪಿನ ಗೆರೆ) ನಲ್ಲಿಯ ಒಳಗಿದ್ದರೆ ಸಾಮಾನ್ಯವಾಗಿ 24 ಮಿ.ಮೀ., ಹೊರಗಿದ್ದರೆ 22 ಮಿ.ಮೀ. ರಬ್ಬರ್ ವಾಷರ್ ಮರೆತರೆ ಬದಿಯಿಂದ ತೊಟ್ಟಿಕ್ಕುತ್ತದೆ. ಕೈಯಲ್ಲೇ ಬಿಗಿ ಮಾಡಿ; ಪಾನಾ ಹಾಕಿದರೆ ಪ್ಲಾಸ್ಟಿಕ್ ಥ್ರೆಡ್ ಹಾಳು.

ದೊಡ್ಡ ತಕರಾರು ಗಡಸು ನೀರಿನದು. ಇಲ್ಲಿನ ಬಸಾಲ್ಟ್ ಬಂಡೆಯ ಬಿರುಕುಗಳಿಂದ ಬರುವ ಬೋರ್‌ವೆಲ್ ನೀರು ಜಾಲರಿಗೆ ಬಿಳಿ ಪೊರೆ ಕಟ್ಟಿಸಿ ಧಾರೆಯನ್ನು ಓರೆ ಮಾಡುತ್ತದೆ. ಬಿಚ್ಚಿ, ಬಿಳಿ ವಿನೆಗರಿನಲ್ಲಿ ಅರ್ಧ ಗಂಟೆ ನೆನೆಸಿ, ಹಳೇ ಟೂತ್‌ಬ್ರಶ್ಶಿನಿಂದ ತಿಕ್ಕಿ. ಟ್ಯಾಂಕರ್ ನೀರಾದರೆ ಮರಳೂ ಸಿಗಬಹುದು!

ಬೇಸಿನ್ನಿಗೆ ಹೇಳಿ ಮಾಡಿಸಿದಂತಿದೆ. ಅಡುಗೆಮನೆಯ ಜಿಡ್ಡುಪಾತ್ರೆಗೆ 6 ಲೀಟರಿನದೇ ಸರಿ. ಬಕೆಟ್ ತುಂಬುವ ನಲ್ಲಿಗೆ ಹಾಕಿದರೆ ಹನಿಯೂ ಉಳಿಯದು, ಕಾಯುವ ಹೊತ್ತು ಮಾತ್ರ ಹೆಚ್ಚುತ್ತದೆ. ಗ್ಯಾಸ್ ಗೀಸರಿನ ನಲ್ಲಿಗಂತೂ ಬೇಡ. ಹರಿವು ಸಾಲದಿದ್ದರೆ ಬರ್ನರ್ ಹೊತ್ತುವುದೇ ಇಲ್ಲ.