ತಾಸೆಯ ಪೆಟ್ಟಿಗೆ ಕೀಫ್ರೇಮ್: ಒಂದೇ ಟೈಮಿಂಗ್, ಮೂರು ಎಫೆಕ್ಟ್, ನಾಲ್ಕು ಸಾಫ್ಟ್‌ವೇರ್

ಅಷ್ಟಮಿಗೆ ಉಡುಪಿಯಲ್ಲಿ, ದಸರಾಕ್ಕೆ ಮಂಗಳೂರಿನಲ್ಲಿ ಹುಲಿವೇಷದ ರೀಲ್‌ಗಳದ್ದೇ ಕೆಲಸ. ತಾಸೆ ಎಂಬ ಚರ್ಮವಾದ್ಯದ ಪೆಟ್ಟು ಬಿದ್ದಲ್ಲಿ ಚಿತ್ರ ಒಮ್ಮೆ ಮುಂದಕ್ಕೆ ನುಗ್ಗಬೇಕು, ಅದೇ ಹೊತ್ತಿಗೆ ತುಸು ಬ್ಲರ್ ಆಗಬೇಕು, ಬೆಳಕು ಮಿಂಚಬೇಕು. ಸ್ಕೇಲ್ (ಚಿತ್ರದ ಗಾತ್ರ), ಬ್ಲರ್, ಬ್ರೈಟ್‌ನೆಸ್ ಮೂರಕ್ಕೂ ಕೀಫ್ರೇಮ್ (ಯಾವ ಫ್ರೇಮ್‌ನಲ್ಲಿ ಎಷ್ಟು ವ್ಯಾಲ್ಯೂ ಎಂದು ಹಾಕುವ ಗುರುತು) ಬೀಳುವ ಜಾಗ ಒಂದೇ, ವ್ಯಾಲ್ಯೂ ಮಾತ್ರ ಬೇರೆ. ಸ್ಕೇಲ್‌ಗೆ ಹಾಕಿದ ಟೈಮಿಂಗನ್ನು ಉಳಿದ ಎರಡಕ್ಕೆ ದಾಟಿಸಲು ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ನೋಡಲು ನಾಲ್ಕರಲ್ಲೂ ಒಂದೇ ತುಣುಕು ಹಾಕಿದೆವು.

ಲೆಕ್ಕ ಹೀಗೆ: ಸೆಕೆಂಡಿಗೆ 25 ಫ್ರೇಮ್‌ನ ಟೈಮ್‌ಲೈನ್. ಪೆಟ್ಟಿನ ಫ್ರೇಮ್‌ನಲ್ಲಿ ಸ್ಕೇಲ್ 100, ಎರಡು ಫ್ರೇಮ್ ದಾಟಿದ ಮೇಲೆ 108, ಎಂಟನೆಯದಕ್ಕೆ ಮತ್ತೆ 100. ಬ್ಲರ್ 0, 12, 0. ಬೆಳಕು 20% ಏರಿ ಇಳಿಯಬೇಕು. ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್, ಹಾಗಾಗಿ ಪೆಟ್ಟಿನಿಂದ ಪೂರ್ತಿ ಝೂಮ್‌ಗೆ 80 ಮಿಲಿಸೆಕೆಂಡ್. ಅಳೆಯಬೇಕಾದ್ದು ಒಂದೇ ಸಂಗತಿ: ನಾಳೆ ಆ ಪೆಟ್ಟು ಮೂರು ಫ್ರೇಮ್ ಆಚೆ ಸರಿದರೆ ಎಷ್ಟು ಕಡೆ ಕೈ ಹಾಕಬೇಕು?

ಪ್ರೀಮಿಯರ್ ಪ್ರೊದಲ್ಲಿ ಮೂರೂ ಕಡೆ. ಎಫೆಕ್ಟ್ ಕಂಟ್ರೋಲ್ಸ್‌ನಲ್ಲಿ ಸ್ಕೇಲ್‌ನ ಕೀಫ್ರೇಮ್ ಕಾಪಿ ಮಾಡಿದರೆ ಇನ್ನೊಂದು ಕ್ಲಿಪ್‌ನ ಸ್ಕೇಲ್‌ಗೆ ಪೇಸ್ಟ್ ಆಗುತ್ತದೆ, ಬ್ಲರ್‌ಗೆ ಆಗುವುದಿಲ್ಲ. ಇಲ್ಲಿ ನಡೆಯುವ ದಾರಿ ಕೈಕೆಲಸದ್ದು: ಸ್ಕೇಲ್ ಸಾಲಿನ ಪುಟ್ಟ ಬಾಣ ಒತ್ತಿ ಪ್ಲೇಹೆಡ್ಡನ್ನು (ಈಗ ಕಾಣುವ ಫ್ರೇಮ್ ತೋರಿಸುವ ಗೆರೆ) ಕೀಫ್ರೇಮ್‌ನಿಂದ ಕೀಫ್ರೇಮ್‌ಗೆ ಹಾರಿಸುತ್ತಾ, ಪ್ರತಿ ನಿಲ್ದಾಣದಲ್ಲೂ ಬ್ಲರ್‌ನ ವ್ಯಾಲ್ಯೂ ಹಾಕುತ್ತಾ ಹೋಗುವುದು. ಮೂರು ಎಫೆಕ್ಟ್ ಸೇರಿಸಿ ಪ್ರೀಸೆಟ್ ಮಾಡಿಟ್ಟರೆ ಮುಂದಿನ ಕ್ಲಿಪ್‌ಗಳಿಗೆ ಸುಲಭ. ಆದರೆ ಸೇವ್ ಮಾಡುವಾಗ ಬರುವ ಆಯ್ಕೆಯನ್ನು ನೋಡಿಯೇ ಒತ್ತಬೇಕು. 'ಸ್ಕೇಲ್' ಎಂದು ಆರಿಸಿದರೆ ಕೀಫ್ರೇಮ್‌ಗಳು ಕ್ಲಿಪ್‌ನ ಉದ್ದಕ್ಕೆ ತಕ್ಕಂತೆ ಹಿಗ್ಗುತ್ತವೆ. 2 ಸೆಕೆಂಡಿನ ಕ್ಲಿಪ್‌ನಲ್ಲಿ ಮಾಡಿದ 8 ಫ್ರೇಮ್‌ನ ಹೊಡೆತ 5 ಸೆಕೆಂಡಿನ ಕ್ಲಿಪ್‌ನಲ್ಲಿ 20 ಫ್ರೇಮ್ ಆಗಿ ಸೋರಿಹೋಗುತ್ತದೆ. ತಾಳಕ್ಕೆ ಬೇಕಾದ್ದು 'ಆ್ಯಂಕರ್ ಟು ಇನ್ ಪಾಯಿಂಟ್'. ಬ್ಲರ್ ಚಲನೆಯದ್ದಷ್ಟೇ ಸಾಕು ಅನ್ನುವವರಿಗೆ ಒಂದು ಒಳದಾರಿ ಇದೆ: ಕ್ಲಿಪ್‌ಗೆ ಮೊದಲೇ ಇರುವ ಮೋಷನ್ ಬಿಟ್ಟು ಟ್ರಾನ್ಸ್‌ಫಾರ್ಮ್ ಎಫೆಕ್ಟ್‌ನಲ್ಲಿ ಸ್ಕೇಲ್ ಕೀಫ್ರೇಮ್ ಮಾಡಿ, ಕಾಂಪೊಸಿಷನ್‌ನ ಶಟರ್ ಬಳಸುವ ಟಿಕ್ ತೆಗೆದು, ಶಟರ್ ಆ್ಯಂಗಲ್ 180 ಕೊಡಿ. ಬ್ಲರ್ ತಾನಾಗಿ ಸ್ಕೇಲ್‌ನ ಹಿಂದೆ ಬರುತ್ತದೆ, ಅದಕ್ಕೆ ಬೇರೆ ಕೀಫ್ರೇಮ್ ಬೇಡ.

ಡಾವಿಂಚಿ ರಿಸಾಲ್ವ್‌ನ ಎಡಿಟ್ ಪೇಜಿನದ್ದೂ ಇದೇ ಹಣೆಬರಹ. ಪೇಸ್ಟ್ ಆಟ್ರಿಬ್ಯೂಟ್ಸ್‌ನಲ್ಲಿ ಕೀಫ್ರೇಮ್‌ಗೆ 'ಮೇಂಟೇನ್ ಟೈಮಿಂಗ್', 'ಸ್ಟ್ರೆಚ್ ಟು ಫಿಟ್' ಎಂಬ ಎರಡು ಆಯ್ಕೆ ಸಿಗುತ್ತವೆ. ಎರಡನೆಯದನ್ನು ಟ್ರಾನ್ಸಿಷನ್‌ಗೆ ಇಟ್ಟುಕೊಳ್ಳಿ. ತಾಸೆಗಾಗಲಿ, ಓಟ ಏರುತ್ತಾ ಹೋಗುವ ಯಕ್ಷಗಾನದ ಚೆಂಡೆಗಾಗಲಿ ಅದು ಹೊಂದುವುದಿಲ್ಲ.

ಕೆಲಸ ನಿಜವಾಗಿ ಹಗುರಾಗುವುದು ರಿಸಾಲ್ವ್‌ನದೇ ಫ್ಯೂಷನ್ ಪೇಜಿನಲ್ಲಿ. ಟ್ರಾನ್ಸ್‌ಫಾರ್ಮ್ ನೋಡ್‌ನ (ಇಲ್ಲಿ ಒಂದೊಂದು ಎಫೆಕ್ಟಿನ ಡಬ್ಬಿಯೇ ನೋಡ್) ಸೈಜ್‌ಗೆ ಮಾತ್ರ ಕೀಫ್ರೇಮ್ ಹಾಕಿ: 1, 1.08, 1. ಬ್ಲರ್ ನೋಡ್‌ನ ಬ್ಲರ್ ಸೈಜ್ ಖಾನೆಯಲ್ಲಿ ಸಮ ಚಿಹ್ನೆ ಟೈಪ್ ಮಾಡಿದರೆ ಎಕ್ಸ್‌ಪ್ರೆಷನ್ (ವ್ಯಾಲ್ಯೂ ಲೆಕ್ಕ ಹಾಕುವ ಸೂತ್ರ) ಬರೆಯುವ ಸಾಲು ತೆರೆಯುತ್ತದೆ. ಅಲ್ಲಿ ಟ್ರಾನ್ಸ್‌ಫಾರ್ಮ್‌ನ ಸೈಜ್‌ನಿಂದ 1 ಕಳೆದು 150ರಿಂದ ಗುಣಿಸಿ, 0.08ಕ್ಕೆ ಸರಿಯಾಗಿ 12 ಬರುತ್ತದೆ. ಬ್ರೈಟ್‌ನೆಸ್ ಕಾಂಟ್ರಾಸ್ಟ್ ನೋಡ್‌ನ ಗೇನ್‌ಗೆ ಅದೇ ವ್ಯತ್ಯಾಸವನ್ನು 2.5ರಿಂದ ಗುಣಿಸಿ 1 ಕೂಡಿಸಿದರೆ 1.2. ಪೆಟ್ಟು ಸರಿದರೆ ಕೈ ಹಾಕಬೇಕಾದ್ದು ಒಂದೇ ಕಡೆ. ಎಡವುವ ಜಾಗ ಸ್ಪ್ಲೈನ್, ಅಂದರೆ ಕೀಫ್ರೇಮ್‌ಗಳನ್ನು ಜೋಡಿಸುವ ಗೆರೆ: ಕರ್ವ್ ನಯಮಾಡುವಾಗ ಸೈಜ್ 0.98ಕ್ಕೆ ಇಳಿದರೆ ಗೇನ್ 0.95 ಆಗಿ, ಪ್ರತಿ ಪೆಟ್ಟಿನ ಬಾಲದಲ್ಲೂ ಚಿತ್ರ ಕಪ್ಪಾಗಿ ಮಿಣುಕುತ್ತದೆ. ವ್ಯತ್ಯಾಸ ಸೊನ್ನೆಗಿಂತ ಕೆಳಗೆ ಹೋಗದಂತೆ ಎಕ್ಸ್‌ಪ್ರೆಷನ್‌ನಲ್ಲಿ ಮ್ಯಾಕ್ಸ್ ಬಳಸಿ. ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಇಷ್ಟೂ ಸಿಗುತ್ತದೆ ಎಂಬುದು ಸಣ್ಣ ಸ್ಟುಡಿಯೊಗಳಿಗೆ ದೊಡ್ಡ ವಿಷಯ.

ಆಫ್ಟರ್ ಎಫೆಕ್ಟ್ಸ್ ಇನ್ನೂ ಒಂದು ಹೆಜ್ಜೆ ಮುಂದೆ. ಕಾಪಿ-ಪೇಸ್ಟ್ ಇಲ್ಲಿ ಬೇರೆ ಪ್ರಾಪರ್ಟಿಗೂ ನಡೆಯುತ್ತದೆ, ಡೇಟಾದ ಜಾತಿ ಒಂದೇ ಇದ್ದರೆ: ಒಪಾಸಿಟಿಯ ಕೀಫ್ರೇಮ್ ಕಾಪಿ ಮಾಡಿ, ಬ್ಲರಿನೆಸ್ ಹೆಸರಿನ ಮೇಲೆ ಕ್ಲಿಕ್ ಮಾಡಿ ಪೇಸ್ಟ್ ಮಾಡಬಹುದು. ಸ್ಕೇಲ್‌ನಿಂದ ಹಾಗೆ ಆಗದು, ಅದರಲ್ಲಿ ಅಗಲ-ಎತ್ತರ ಎರಡು ಸಂಖ್ಯೆ ಇವೆ. ಪೇಸ್ಟ್ ಮಾಡಿದರೂ ಹಳೇ ವ್ಯಾಲ್ಯೂ ಟೈಮಿಂಗ್ ಜೊತೆಗೇ ಬರುತ್ತದೆ, ಅದನ್ನು ತಿದ್ದುತ್ತಾ ಕೂರಬೇಕು.

ಅದರ ಬದಲು ನಲ್ ಲೇಯರ್‌ಗೆ (ಚಿತ್ರದಲ್ಲಿ ಕಾಣದ ಖಾಲಿ ಲೇಯರ್) ಸ್ಲೈಡರ್ ಕಂಟ್ರೋಲ್ ಹಾಕಿ 0, 100, 0 ಎಂದು ಕೀಫ್ರೇಮ್ ಮಾಡಿ. ಈ ಸ್ಲೈಡರ್ ಬರೀ ಟೈಮಿಂಗ್ ಅಷ್ಟೇ, ಯಾವ ಎಫೆಕ್ಟ್‌ನ ವ್ಯಾಲ್ಯೂವೂ ಅಲ್ಲ. ಪ್ರತಿ ಪ್ರಾಪರ್ಟಿಯಲ್ಲಿ ಪಿಕ್‌ವಿಪ್‌ನಿಂದ (ಎಳೆದು ಕೊಂಡಿ ಹಾಕುವ ಗುಂಡಿ) ಅದನ್ನು ಹಿಡಿದು, ಲೀನಿಯರ್ ಫಂಕ್ಷನ್‌ನಲ್ಲಿ 0–100ನ್ನು ಬ್ಲರ್‌ಗೆ 0–12, ಸ್ಕೇಲ್‌ಗೆ 100–108 ಎಂದು ಹೊಂದಿಸಿ. ಸ್ಕೇಲ್‌ಗೆ ಉತ್ತರವನ್ನು ಚೌಕ ಕಂಸದೊಳಗೆ ಎರಡು ಸಲ ಕೊಡಬೇಕು, ಒಂದೇ ಸಂಖ್ಯೆ ಕೊಟ್ಟರೆ ಎರರ್ ಬರುತ್ತದೆ. ಲೀನಿಯರ್ ಎರಡೂ ತುದಿಯಲ್ಲಿ ಕತ್ತರಿಸುತ್ತದೆ ಎಂಬುದು ನೆನಪಿರಲಿ. ಹೊಡೆತ ಚಿಮ್ಮಿ ಬರಲಿ ಎಂದು ಸ್ಲೈಡರನ್ನು 115ಕ್ಕೆ ಏರಿಸಿದರೂ ಸ್ಕೇಲ್ 108ರಲ್ಲೇ ನಿಲ್ಲುತ್ತದೆ. ಆಗ ಲೀನಿಯರ್ ಬಿಟ್ಟು ನೇರ ಗುಣಾಕಾರ ಬರೆಯಬೇಕು.

ಕತ್ತರಿಸುವ ಅದೇ ಗುಣ ಇನ್ನೊಂದು ಕಡೆ ಉಪಕಾರಿ. ಕೀಫ್ರೇಮ್ ಅಸಿಸ್ಟೆಂಟ್‌ನ 'ಕನ್ವರ್ಟ್ ಆಡಿಯೊ ಟು ಕೀಫ್ರೇಮ್ಸ್' ಸದ್ದಿನಿಂದಲೇ ಸ್ಲೈಡರ್ ಮಾಡಿಕೊಡುತ್ತದೆ. ಬೀದಿಯ ರೆಕಾರ್ಡಿಂಗ್‌ನಲ್ಲಿ ಜನರ ಕೂಗು, ವಾಹನದ ಹಾರ್ನ್ ಎಲ್ಲ ಅದರೊಳಗೆ ಸೇರಿರುತ್ತವೆ. ಗ್ರಾಫ್ ನೋಡಿ, ಗದ್ದಲ 15ರೊಳಗೆ, ತಾಸೆ 40ರ ಹತ್ತಿರ ಇದ್ದರೆ ಲೀನಿಯರ್‌ಗೆ 15–40 ಕೊಡಿ, ಕೆಳಗಿನದ್ದೆಲ್ಲ ಸೊನ್ನೆಯಾಗುತ್ತದೆ. ಪಟಾಕಿ ಮಾತ್ರ ಇದಕ್ಕೂ ಬಗ್ಗುವುದಿಲ್ಲ, ಆ ಜಾಗವನ್ನು ಕೈಯಿಂದಲೇ ಅಳಿಸಬೇಕು.

ಕೆಡೆನ್‌ಲೈವ್ ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ಇದರಲ್ಲಿ ಕೀಫ್ರೇಮ್‌ಗಳನ್ನು ಕ್ಲಿಪ್‌ಬೋರ್ಡ್‌ಗೆ ಕಾಪಿ ಮಾಡಿ, ಇನ್ನೊಂದು ಎಫೆಕ್ಟ್‌ನಲ್ಲಿ ಇಂಪೋರ್ಟ್ ಮಾಡುವಾಗ ಯಾವ ಸಂಖ್ಯೆ ಎಲ್ಲಿಗೆ ಎಂದು ಕೇಳುತ್ತದೆ. ಟ್ರಾನ್ಸ್‌ಫಾರ್ಮ್‌ನ ಅಗಲ 1920ರಿಂದ 2074ಕ್ಕೆ ಏರುತ್ತದೆ, ಅದನ್ನು ಹಾಗೇ ಬ್ಲರ್‌ಗೆ ಕೊಟ್ಟರೆ ಚಿತ್ರ ಮಸಿ ಬಳಿದಂತಾಗುತ್ತದೆ. ಗುರಿಯ ಮಿತಿ 0–12 ಎಂದು ಹಾಕಿ. ವ್ಯಾಲ್ಯೂ ಬದಲಿಸಿ ಟೈಮಿಂಗ್ ದಾಟಿಸುವುದರಲ್ಲಿ ಇದು ಪ್ರೀಮಿಯರ್‌ಗಿಂತ ಮೇಲು. ಕೊಂಡಿ ಮಾತ್ರ ಉಳಿಯುವುದಿಲ್ಲ, ಪೆಟ್ಟು ಸರಿದರೆ ಮತ್ತೆ ಇಂಪೋರ್ಟ್.

ಹಾಡು ಕೊನೇ ಗಳಿಗೆಯಲ್ಲಿ ಬದಲಾಗುವ ಮದುವೆ ಹೈಲೈಟ್‌ಗೂ ಹುಲಿವೇಷಕ್ಕೂ ನಮ್ಮ ಆಯ್ಕೆ ಆಫ್ಟರ್ ಎಫೆಕ್ಟ್ಸ್‌ನ ಸ್ಲೈಡರ್. ಚಂದಾ ಕಟ್ಟುವುದು ಬೇಡವೆಂದರೆ ಫ್ಯೂಷನ್. ಎರಡು-ಮೂರು ಪೆಟ್ಟಿನ ಸಣ್ಣ ರೀಲ್‌ಗೆ ಪ್ರೀಮಿಯರ್ ಪ್ರೀಸೆಟ್ ಧಾರಾಳ ಸಾಕು. ಆಫ್ಟರ್ ಎಫೆಕ್ಟ್ಸ್‌ನ ಒಂದು ಲೇಯರನ್ನಷ್ಟೇ ಇನ್ನೊಬ್ಬರಿಗೆ ಕೊಡಬೇಕಾದರೆ 'ಕನ್ವರ್ಟ್ ಎಕ್ಸ್‌ಪ್ರೆಷನ್ ಟು ಕೀಫ್ರೇಮ್ಸ್' ಮಾಡಿ ಕೊಡಿ, ಇಲ್ಲದಿದ್ದರೆ ನಲ್ ಸಿಗದೆ ಎಕ್ಸ್‌ಪ್ರೆಷನ್ ಎರರ್ ತೋರಿಸುತ್ತದೆ. ಹಾಗೆ ಮಾಡಿದಾಗ ಫ್ರೇಮ್‌ಗೊಂದು ಕೀಫ್ರೇಮ್ ಬೀಳುತ್ತದೆ, ಆಮೇಲೆ ತಿದ್ದುವುದು ಕಷ್ಟ; ಮೂಲ ಕಾಂಪೊಸಿಷನ್ನಿನ ಒಂದು ನಕಲನ್ನು ತೆಗೆದಿಟ್ಟುಕೊಂಡೇ ಒತ್ತಿ.