ಏರಿನಲ್ಲಿ ಮುಗ್ಗರಿಸುವ ಪಿಕಪ್: ಸ್ಕ್ಯಾನರ್, ಡಾಂಗಲ್, ಪ್ಲಾಸ್ಟಿಕ್ ಪೈಪು

ಮೊದಲೇ ಹೇಳಿಬಿಡುತ್ತೇನೆ, ಗಾಡಿಯ ರೋಗ ಹುಡುಕುವ ವಿಚಾರದಲ್ಲಿ ನಾನು ಎರಡು ಅಡಿ ಪ್ಲಾಸ್ಟಿಕ್ ಪೈಪಿನ ಪಕ್ಷ. ವರ್ಕ್‌ಶಾಪಿಗೆ 7,800 ರೂಪಾಯಿ ಸುರಿದ ಮೇಲೆ ಹುಟ್ಟಿದ ಪಕ್ಷಪಾತ ಇದು.

ನನ್ನದು 2018ರ ಬಿಎಸ್-4, ಅಂದರೆ ಹೊಗೆಯ ಹಳೆಯ ನಿಯಮದ, ಡೀಸೆಲ್ ಪಿಕಪ್. ಮದುವೆ, ಜಾತ್ರೆಗಳಿಗೆ ಬಾಡಿಗೆಗೆ ಕೊಡುವ ಜನರೇಟರನ್ನು ಹಿಂದೆ ಕಟ್ಟಿಕೊಂಡು ಗದಗಿನ ಸುತ್ತ ತಿರುಗುತ್ತದೆ. ಡೋಣಿ ದಾಟಿ ಕಪ್ಪತಗುಡ್ಡದ ಏರು ಹತ್ತುವಾಗ ಎಕ್ಸಲರೇಟರ್ ತುಳಿದರೆ ಒಂದೆರಡು ಕ್ಷಣ ಸುಮ್ಮನಿದ್ದು, ಆಮೇಲೆ ಜಗ್ಗಿ ಬಿಟ್ಟಂತೆ ಮುಂದಕ್ಕೆ ನೆಗೆಯುತ್ತಿತ್ತು. ಖಾಲಿ ಗಾಡಿಗೆ ಈ ರೋಗವೇ ಇಲ್ಲ.

ಹುಬ್ಬಳ್ಳಿಯ ದೊಡ್ಡ ವರ್ಕ್‌ಶಾಪಿನ ಗೇಟಿನಲ್ಲೇ ಮೊದಲ ತಕರಾರು: ಟ್ರೈಲರ್ ಒಳಗೆ ಬಿಡುವುದಿಲ್ಲ, ಬಿಚ್ಚಿಟ್ಟು ಬನ್ನಿ. ಜನರೇಟರನ್ನು ರಸ್ತೆಬದಿಯಲ್ಲಿ ಬಿಟ್ಟು ಅದನ್ನು ಕಾಯಲು ಹುಡುಗನನ್ನು ಕೂರಿಸಿದೆ. ಗಾಡಿಯ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಚ್ಚಿದರು, ದೋಷದ ಕೋಡ್ ಒಂದೂ ಇಲ್ಲ. ಖಾಲಿ ಗಾಡಿಯನ್ನು ಸಪಾಟು ರಸ್ತೆಯಲ್ಲಿ ಓಡಿಸಿ ಬಂದು, ಚೆನ್ನಾಗಿದೆಯಲ್ಲ ಎಂದರು. ಜನರೇಟರ್ ಕಟ್ಟಿ ಏರಿಗೆ ಹೋಗೋಣ ಎಂದು ಮೂರು ಸಲ ಹೇಳಿದೆ. ಅದಕ್ಕೆ ಅವರ ಜಾಬ್ ಕಾರ್ಡಿನಲ್ಲಿ ಜಾಗವಿರಲಿಲ್ಲ.

ಕೊನೆಗೆ ಗಾಳಿಯ ಹರಿವು ಅಳೆಯುವ ಸೆನ್ಸರ್ ಬದಲಿಸಿ ಬಿಲ್ ಕೈಗಿತ್ತರು. ಅಣ್ಣಿಗೇರಿ ದಾರಿಯಲ್ಲಿ, ಎರೆಹೊಲಗಳ ನಡುವೆ, ಗಾಡಿ ಬೆಣ್ಣೆಯಂತೆ ಬಂತು. ಮೂರನೆಯ ದಿನ ಕಪ್ಪತಗುಡ್ಡದಲ್ಲಿ ಮತ್ತೆ ಅದೇ ಮುಗ್ಗರಿಕೆ.

ಆಮೇಲೆ ಗಾಡಿಯ ಕಂಪ್ಯೂಟರಿನ ಅಂಕಿಗಳನ್ನು ಮೊಬೈಲಿಗೆ ಕಳಿಸುವ 750 ರೂಪಾಯಿಯ ಬ್ಲೂಟೂತ್ ಡಾಂಗಲ್ ತಂದೆ. ಕ್ಲಚ್ ತುಳಿದಾಗಲೆಲ್ಲ ಮೊಣಕಾಲಿಗೆ ತಾಗುತ್ತದೆ, ಹಾಳಾದ್ದು. ಆದರೆ ಏರಿಗೆ ನಮ್ಮ ಜೊತೆಗೇ ಬರುತ್ತದೆ. ತಮ್ಮ ಪಕ್ಕದಲ್ಲಿ ಕುಳಿತು ಮೊಬೈಲ್ ನೋಡಿದ. ಪೆಡಲ್ ಶೇಕಡಾ 80 ತೋರಿಸುತ್ತಿದ್ದಾಗ ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆಯ, ಅಂದರೆ ಕಾಮನ್ ರೈಲಿನ, ಒತ್ತಡ ಮೇಲೇರುವ ಬದಲು 1,100ರಿಂದ 600 ಬಾರ್‌ಗೆ ಕುಸಿದು ಮತ್ತೆ ಎದ್ದಿತು. ಅಂದರೆ ಕಾಲಿನ ಮಾತು ಕಂಪ್ಯೂಟರಿಗೆ ತಲುಪಿದೆ, ಡೀಸೆಲ್ ತಲುಪಿಲ್ಲ. ಯಾಕೆ ತಲುಪಿಲ್ಲ ಎಂಬುದನ್ನು ಮಾತ್ರ ಡಾಂಗಲ್ ಹೇಳಲಿಲ್ಲ. ಡೀಸೆಲ್ ಫಿಲ್ಟರ್ ಹೊಸದು, ಹಾಕಿ ತಿಂಗಳೂ ಆಗಿರಲಿಲ್ಲ.

ಮುಂಡರಗಿ ರಸ್ತೆಯ ಮಿಸ್ತ್ರಿ ಮೊದಲು ಕೇಳಿದ್ದೇ ಬೇರೆ: "ಮುಂಜಾನೆ ಸ್ಟಾರ್ಟ್ ಆಗಲು ತಡವಾಗುತ್ತದೆಯೇ, ಸಾಹುಕಾರರೇ?" ಹೌದು, ಆಗುತ್ತಿತ್ತು, ಚಳಿಗೆ ಎಂದುಕೊಂಡಿದ್ದೆ. ಫಿಲ್ಟರಿಗೂ ಪಂಪಿಗೂ ನಡುವಿನ ಕರಿ ಪೈಪು ತೆಗೆದು, ಒಳಗಿದ್ದದ್ದು ಕಾಣುವ ಎರಡು ಅಡಿ ಪ್ಲಾಸ್ಟಿಕ್ ಪೈಪು ಹಾಕಿದರು. ಅದರ ಬಾಗನ್ನು ಬಾನೆಟ್ ಸಂದಿಯಿಂದ ಹೊರಗೆಳೆದು ವೈಪರಿಗೆ ಕಟ್ಟಿ, ಜನರೇಟರ್ ಸಮೇತ ಏರಿಗೆ ನಡೆಯಿರಿ ಎಂದರು. ಸಪಾಟಿನಲ್ಲಿ ಪೈಪಿನ ತುಂಬ ಬರೀ ಡೀಸೆಲ್. ಏರಿನಲ್ಲಿ ತುಳಿದ ತಕ್ಷಣ ಗಾಜಿನಾಚೆ ಸೋಡಾ ಬಾಟಲಿಯಂತೆ ಗುಳ್ಳೆಗಳು ಸಾಲುಗಟ್ಟಿದವು, ಗಾಡಿ ಮುಗ್ಗರಿಸಿತು.

ಫಿಲ್ಟರಿನ ಕೆಳಗೆ ನೀರು ಬಿಡುವ ತಿರುಪಿನ ವಾಷರ್ ಸೀಳಿತ್ತು. ಹೊಸ ಫಿಲ್ಟರಿಗೆ ಹಳೆಯದನ್ನೇ ಹಾಕಿದ್ದರು. ಆ ಭಾಗದಲ್ಲಿ ಪಂಪು ಡೀಸೆಲನ್ನು ಎಳೆದುಕೊಳ್ಳುವುದರಿಂದ ಸೀಳಿನಲ್ಲಿ ಡೀಸೆಲ್ ಹೊರಗೆ ಸೋರದೆ ಗಾಳಿ ಒಳಗೆ ನುಗ್ಗುತ್ತದೆ. ಭಾರ ಹೆಚ್ಚಿದಷ್ಟೂ ಎಳೆತ ಹೆಚ್ಚು. ಮುಂಜಾನೆಯ ತಡಕ್ಕೂ ಈ ಗಾಳಿಯೇ ಕಾರಣ. ನೆಲದ ಮೇಲೆ ಒಂದು ಹನಿಯೂ ಬೀಳದ್ದಕ್ಕೆ ಯಾರಿಗೂ ಅನುಮಾನ ಬಂದಿರಲಿಲ್ಲ. ವಾಷರ್ 20 ರೂಪಾಯಿ, ಮಿಸ್ತ್ರಿಗೆ 400.

ಟ್ಯಾಂಕಿನಲ್ಲೇ ವಿದ್ಯುತ್ ಪಂಪ್ ಇರುವ ಗಾಡಿಗೆ ಈ ಪೈಪಿನ ಉಪಾಯ ಹೊಂದುವುದಿಲ್ಲ. ಪಂಪಿನಿಂದ ಇಂಜೆಕ್ಟರ್ ಕಡೆ ಹೋಗುವ ಉಕ್ಕಿನ ಪೈಪುಗಳನ್ನಂತೂ ಎಂಜಿನ್ ಓಡುವಾಗ ಸಡಿಲಿಸಲೇಬೇಡಿ, ಅಲ್ಲಿನ ಒತ್ತಡಕ್ಕೆ ಡೀಸೆಲ್ ಚರ್ಮ ಕೊರೆದು ಒಳಹೋಗುತ್ತದೆ. ಏಪ್ರಿಲ್ 2020ರ ನಂತರದ ಬಿಎಸ್-6 ಗಾಡಿಯಾಗಿದ್ದು, ಹೊಗೆಯ ಫಿಲ್ಟರ್ ಕಟ್ಟಿದ ಅನುಮಾನವಿದ್ದರೆ ವರ್ಕ್‌ಶಾಪಿನ ಸ್ಕ್ಯಾನರೇ ಸರಿ. ನನ್ನಂತೆ ಹಳೆಯ ಗಾಡಿ, ಸೀಸನ್ನಿನಲ್ಲಿ ಒಂದು ದಿನವೂ ನಿಲ್ಲಿಸಲಾಗದ ಬಾಡಿಗೆ ಇರುವವರು ಡಾಂಗಲ್ ಇಟ್ಟುಕೊಂಡು ಮಿಸ್ತ್ರಿಯ ಹತ್ತಿರ ಹೋಗಿ. ಟ್ರೈಲರ್ ಬಿಚ್ಚದೆ ಹೋಗಿ.